ಒರತೆ ನೀರು ಹೊಳೆ ನೀರಲ್ಲ

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಎದುರುಮನೆಯವರು ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದಾರೆ. ಈಗೆಲ್ಲ ಕಲ್ಲು ಪುಡಿ ಮಾಡಿದ ಮರಳೇ ತಾನೆ, ಅದಕ್ಕೆ ವಾಸನೆ ಗೀಸನೆ ಏನೂ ಇಲ್ಲ. ಆದರೆ ಹೋದ ವಾರ ಎಲ್ಲಿಂದಲೋ ಅರ್ಧ ಲಾರಿ ಹೊಳೆ ಮರಳು ತರಿಸಿ ನಮ್ಮ ಗೇಟಿಗೆ ಅಡ್ಡವಾಗಿ ಸುರಿಸಿಬಿಟ್ಟರು. ನಾನು ಜಗಳಕ್ಕೇ ಹೊರಟಿದ್ದೆ. ಅಷ್ಟರಲ್ಲಿ ಕೆಲಸದ ಹೆಂಗಸು ಅದರ ಮೇಲೆ ಒಂದು ಬಕೆಟ್ ನೀರು ಎರಚಿದಳು. ಆ ಒದ್ದೆ ಮರಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಜಗಳ ಎಲ್ಲಿ ಹೋಯಿತೋ... ಗೇಟು ಹಿಡಿದುಕೊಂಡು ನಿಂತೇಬಿಟ್ಟೆ. ಓವರ್‌ಸಿಯರ್ ಮಾವ ನೆನಪಾದರು.

ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದಲ್ಲಿದ್ದೆವು. ಅವರ ಮನೆ ನಮ್ಮ ಬೀದಿಯ ಕೊನೆಗೆ. ನಮಗೂ ಅವರಿಗೂ ರಕ್ತಸಂಬಂಧವೇನೂ ಇಲ್ಲ, ಆದರೆ ಬೀದಿಯ ಹುಡುಗ ಹುಡುಗಿಯರಿಗೆಲ್ಲ ಅವರು ಮಾವ. ಸರ್ಕಾರಿ ಓವರ್‌ಸಿಯರ್. ಅರ್ಧ ತೋಳಿನ ಬಿಳಿ ಅಂಗಿ, ಹಳೇ ಸೈಕಲ್ಲು, ಸೈಕಲ್ಲಿಗೆ ನೇತುಹಾಕಿದ ಖಾಕಿ ಚೀಲ. ಮೂಗಿನ ತುದಿಯಲ್ಲೇ ಕೋಪ, ಅದೇ ಮೂಗಿಗೆ ನಸ್ಯ. ಬೈಯುವುದಕ್ಕೆ ಶುರುಮಾಡಿದರೆ ಸೀನು ಬಂದು ಅರ್ಧಕ್ಕೇ ನಿಲ್ಲುತ್ತಿತ್ತು, ಆಮೇಲೆ ಯಾರನ್ನು ಬೈಯುತ್ತಿದ್ದೆ ಎಂಬುದೇ ಅವರಿಗೆ ಮರೆತುಹೋಗುತ್ತಿತ್ತು.

ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಅಮ್ಮನ ಕಣ್ಣಿಗೆ ಬೀಳುತ್ತಾ ಇದ್ದೆ. ಇವಳಿಗೊಂದು ಗಂಡು ನೋಡಿ ಎಂದು ಅಮ್ಮ ದಿನಾ ರಾಗ ಎಳೆಯುತ್ತಿದ್ದಾಗ, ಮಾವ ಒಂದು ಬೆಳಿಗ್ಗೆ ಬಂದು ನಮ್ಮ ಅಪ್ಪನಿಗೆ ಹೇಳಿದರು: ಗಂಡು ಆಮೇಲೆ ನೋಡಿ, ಈಗ ನನಗೊಬ್ಬರು ಅಕ್ಷರ ಚೆನ್ನಾಗಿರೋರು ಬೇಕು. ಹಾಗೆ ನನಗೆ ಆ ಸರ್ವೆ ಕೆಲಸ ಸಿಕ್ಕಿದ್ದು. ಕೆಲವೇ ತಿಂಗಳ ಕೆಲಸ. ಮನೆಯಲ್ಲಿ ಮಾವ, ಆಫೀಸಿನಲ್ಲಿ ಸಾರ್. ಎಷ್ಟೋ ಸಲ ಆಫೀಸಿನಲ್ಲೂ ಬಾಯಿ ತಪ್ಪಿ ಮಾವ ಎಂದುಬಿಡುತ್ತಿದ್ದೆ, ಅಲ್ಲಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಕೆಲಸ ಏನೆಂದರೆ, ವೃಷಭಾವತಿ ಹೊಳೆಯ ಉದ್ದಕ್ಕೂ, ಮೇಲಿನಿಂದ ಕೆಂಗೇರಿ ದಾಟಿ ಕೆಳಗಿನ ಹಳ್ಳಿಗಳವರೆಗೆ ಹೋಗಿ, ಯಾರು ಯಾರು ಆ ನೀರನ್ನು ನಂಬಿಕೊಂಡಿದ್ದಾರೆ, ಯಾರಿಗೆ ಯಾವುದಕ್ಕೆ ಎಷ್ಟು ಬೇಕು ಎಂದು ಕೇಳಿ ಬರೆದುಕೊಳ್ಳುವುದು. ಅದನ್ನೆಲ್ಲ ಸೇರಿಸಿ ನಕ್ಷೆ ಮಾಡಿದರೆ, ಎಲ್ಲಿ ನೀರು ನಿಲ್ಲಿಸುವುದು, ಎಲ್ಲಿ ಬಿಡುವುದು, ಬೆಳೆಯುತ್ತಿರುವ ಬೆಂಗಳೂರಿನ ಕೊಳಚೆಯನ್ನು ಎಲ್ಲಿಗೆ ಹರಿಸುವುದು ಎಂದು ಮೇಲಿನವರು ತೀರ್ಮಾನ ಮಾಡುತ್ತಾರೆ. ಪ್ರಶ್ನೆಗಳು ಮೇಲಿನಿಂದ ಇಂಗ್ಲಿಷಿನಲ್ಲಿ ಬಂದಿದ್ದವು. ಕನ್ನಡಕ್ಕೆ ತಂದವರು ಮಾವ. ಬಹಳ ಹೆಮ್ಮೆ ಅವರಿಗೆ. ಮೊದಲನೇ ಪ್ರಶ್ನೆಯೇ ‘ತಾವು ಹೊಳೆಯ ನೀರನ್ನು ಬಳಸುತ್ತೀರಾ?’ ಎಂಬುದು. ಇಲ್ಲ ಎಂದರೆ ಮುಂದಿನದಕ್ಕೆಲ್ಲ ಅಡ್ಡಗೆರೆ ಎಳೆದು ಮುಂದಿನ ಮನೆಗೆ ಹೋಗಬೇಕು. ಕುಡಿಯುವ ನೀರು ಎಲ್ಲಿಂದ ಎಂಬ ಸಾಲಿಗೆ ಮಾತ್ರ ಬಾವಿ, ನಲ್ಲಿ, ಕೆರೆ, ಇತರೆ ಎಂದು ಗುರುತು ಹಾಕಬೇಕು. ಹೊರಡುವ ಮೊದಲು ನನ್ನನ್ನು ನಿಲ್ಲಿಸಿ ಎಚ್ಚರಿಕೆ ಕೊಟ್ಟರು.

“ಅವರು ಏನು ಹೇಳ್ತಾರೋ ಅದನ್ನೇ ಬರಿ. ನಿನ್ನ ಜಾಣತನ ಅದಕ್ಕೆ ಸೇರಿಸ್ಬೇಡ.”

ಎಮರ್ಜೆನ್ಸಿ ಕಾಲ ಅದು. ಆಫೀಸಿನ ಜೀಪು ಊರೊಳಗೆ ಹೋದರೆ ಗಂಡಸರೆಲ್ಲ ಹೊಲದ ಕಡೆ ಓಟ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ. ನಾವು ನೀರಿನವರು, ನೀರಿನವರು ಎಂದು ನಾನು ಕೂಗಿಕೊಂಡು ಹೋಗಬೇಕಾಗಿತ್ತು. ಹಾಗೆ ಕೂಗಿದ್ದಕ್ಕೆ ಒಂದು ಕಡೆ ಹೆಂಗಸರೆಲ್ಲ ನಲ್ಲಿ ಹಾಕಲು ಬಂದಿದ್ದಾರೆ ಎಂದುಕೊಂಡು ಬಿಂದಿಗೆ ಸಮೇತ ಬಂದು ನಿಂತರು. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆದರೆ ಜನ ಹೇಳುತ್ತಿದ್ದದ್ದು ಕೇಳಲು ನನಗೆ ಇಷ್ಟವಾಗುತ್ತಿತ್ತು. ವಿಜಯನಗರದ ಕಡೆ ಹೊಸದಾಗಿ ಸೈಟು ತೆಗೆದುಕೊಂಡು ಮನೆ ಕಟ್ಟಿದವರು, ನಮಗೆ ಹೊಳೆ ನೀರು ಏನಕ್ಕಮ್ಮ, ನಮ್ಮ ಬಚ್ಚಲ ನೀರು ಹೋಗೋದಕ್ಕೆ ಒಂದು ದಾರಿ ಮಾಡಿಕೊಡಿ ಸಾಕು ಎನ್ನುತ್ತಿದ್ದರು. ಸ್ವಲ್ಪ ಕೆಳಗೆ ಬಂದರೆ ಬಟ್ಟೆ ಒಗೆಯುವವರು ಹರಿಯುವ ನೀರು ಬೇಕೆನ್ನುತ್ತಿದ್ದರು. ಅದರ ಕೆಳಗೆ ಸೊಪ್ಪು ಬೆಳೆಯುವವರಿಗೆ ನಿಂತ ನೀರು ಬೇಕು, ಸೋಪಿನ ನೀರು ಬೇಡ. ಎಷ್ಟು ನೀರು ಬೇಕು ಎಂದು ಒಬ್ಬ ಅಜ್ಜಿಯನ್ನು ಕೇಳಿದ್ದಕ್ಕೆ, ಬಂದಷ್ಟು ಬರಲಿ ಅಂತಿದ್ವಿ, ಹಿಂಗೆ ಕೇಳಿ ಇಸ್ಕೋಬೋದು ಅಂತ ಗೊತ್ತಿರಲಿಲ್ಲ ಎಂದಳು. ಸಂಜೆ ಇದನ್ನೆಲ್ಲ ಹೇಳಿದರೆ ಮಾವ ನಸ್ಯದ ಡಬ್ಬಿಯ ಮೇಲೆ ಬೆರಳಾಡಿಸುತ್ತಾ, ಇವರಿಗೆಲ್ಲ ಬೇಕಾಗಿರೋದನ್ನ ಒಂದೇ ಹೊಳೆ ಹೆಂಗೆ ಕೊಡುತ್ತೆ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವರಿಗೆ ಕೋಪ ಬರುತ್ತಿರಲಿಲ್ಲ.

ಕೆಂಗೇರಿ ದಾಟಿದ ಮೇಲೆ, ಹೊಳೆಯ ದಂಡೆಯ ಮೇಲೇ ಒಂದು ಸಣ್ಣ ಹಳ್ಳಿ. ಹೆಸರು ಬೇಡ, ಅಲ್ಲಿನವರು ಇಂದಿಗೂ ಹೆಣ್ಣು ಕೊಟ್ಟು ಹೆಣ್ಣು ತರುವವರು. ಆ ಹಳ್ಳಿಗೆ ಮಾವ ತಮ್ಮ ಒಬ್ಬಳೇ ತಂಗಿಯನ್ನು ಕೊಟ್ಟಿದ್ದರು. ಗಂಡು ನೋಡಿದವರೂ ಅವರೇ, ತಂದೆಯಿಲ್ಲದ ತಂಗಿಗೆ ಧಾರೆ ಎರೆದವರೂ ಅವರೇ. ನಮ್ಮೋರನ್ನ ನಾನೇ ಹೋಗಿ ಪ್ರಶ್ನೆ ಕೇಳಿದ್ರೆ ಚೆನ್ನಾಗಿರಲ್ಲ ಎಂದು ನನ್ನೊಬ್ಬಳನ್ನೇ ಕಳಿಸಿದರು. ನಾನು ಜಗಲಿಯಿಂದ ಜಗಲಿಗೆ ಹೋಗಿ ಕೇಳಿದೆ. ಹೊಳೆಯ ನೀರನ್ನು ಬಳಸುತ್ತೀರಾ? ಪ್ರತಿಯೊಂದು ಮನೆಯವರೂ ಮುಖ ಸಿಂಡರಿಸಿಕೊಂಡು, ಹೊಳೆ ನೀರಾ, ಇಲ್ಲಮ್ಮ, ನಾವು ಬಳಸಲ್ಲ ಎಂದರು. ಮತ್ತೆ ಕುಡಿಯುವುದಕ್ಕೆ? ಒರತೆ ನೀರು. ರಾಜಾಜಿನಗರದ ನಲ್ಲಿಯ ಹುಡುಗಿ ನಾನು, ಒರತೆ ಎಂದರೆ ಏನೋ ಒಂದು ತರದ ಬಾವಿ ಎಂದುಕೊಂಡೆ. ಬಾವಿಯಾ ಎಂದರೆ ಅಲ್ಲ ಎನ್ನುತ್ತಾರೆ. ಅವರು ಹೇಳಿದ್ದನ್ನೇ ಬರೆಯಬೇಕಲ್ಲ, ‘ಇತರೆ’ ಎಂದು ಗುರುತು ಹಾಕಿದೆ. ಮಾವನ ತಂಗಿಯೂ ಅದನ್ನೇ ಹೇಳಿದರು, ಜೊತೆಗೆ ಕಾಫಿ ಕೊಟ್ಟು, ಮುಡಿಗೆ ಕನಕಾಂಬರ ಮುಡಿಸಿ ಕಳಿಸಿದರು.

ಕೆಲವು ದಿನಗಳಾದ ಮೇಲೆ ಆಫೀಸಿನ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿತು. ಜನ ನೀರು ಬಳಸುವ ಕಡೆಯೆಲ್ಲ ನೀಲಿ ಬಣ್ಣ. ಆ ಹಳ್ಳಿಯ ಪಕ್ಕದಲ್ಲಿ ಹೊಳೆ ಬರೀ ಬಿಳಿ. ಬಳಸುವವರು ಇಲ್ಲದ ಜಾಗ ಎಂದು, ಅದರ ನೆತ್ತಿಯ ಮೇಲೇ ಕೊಳಚೆಯ ದೊಡ್ಡ ಪೈಪು ಬಂದು ಬೀಳುವ ಗುರುತು ಹಾಕಿದ್ದರು. ಮಾವ ಅದನ್ನು ನೋಡಿದವರೇ ನನ್ನನ್ನು ಕರೆದು, ನೀನು ಆ ಊರಿಗೆ ಹೋಗಿದ್ಯೋ, ಕೆಂಗೇರಿಯಲ್ಲಿ ದೋಸೆ ತಿಂದುಕೊಂಡು ವಾಪಸ್ ಬಂದ್ಯೋ ಎಂದು ಎಲ್ಲರೆದುರಿಗೇ ಕೂಗಾಡಿದರು. ನನಗೂ ಮೈಯೆಲ್ಲ ಉರಿದುಹೋಯಿತು. ನಿಮ್ಮ ತಂಗೀನೇ ಹೇಳಿದ್ದು ಸಾರ್, ಒರತೆ ಅಂತೆ, ನಿಮ್ಮ ಹಾಳೇಲಿ ಒರತೆಗೆ ಜಾಗ ಎಲ್ಲಿತ್ತು ಎಂದೆ.

ಅವರಿಗೆ ಸೀನು ಬರಲಿಲ್ಲ. ಬೈಗುಳವೂ ಬರಲಿಲ್ಲ. ಕುರ್ಚಿಯ ಮೇಲೆ ಕೂತುಬಿಟ್ಟರು.

ಒರತೆ ಎಂದರೆ ಹೊಳೆಯ ಮರಳಿನಲ್ಲೇ ತೋಡುವ ಗುಂಡಿ ಎಂದು ಆಗ ನನಗೆ ಹೇಳಿದರು. ಮರಳು ಕೆದಕಿದರೆ ಕೆಳಗಿನಿಂದ ತಿಳಿನೀರು ಒಸರುತ್ತದೆ, ಚಿಪ್ಪಿನಲ್ಲಿ ಬಿಂದಿಗೆಗೆ ತುಂಬಿಕೊಳ್ಳುತ್ತಾರೆ. ಆ ಊರಿಗೆ ಬಾವಿಯೇ ಇಲ್ಲ, ಬಂಡೆ ನೆಲ. ಕುಡಿಯುವುದು, ಅಡಿಗೆ ಮಾಡುವುದು ಎಲ್ಲ ಅದರಲ್ಲೇ. ಹೊಳೆ ಕೆಟ್ಟರೆ ಒರತೆಯೂ ಕೆಟ್ಟಂತೆ. ಮಾವ ದೊಡ್ಡ ಸಾಹೇಬರ ಹತ್ತಿರ ಹೋಗಿ ವಿವರಿಸಿದರು. ಸಾಹೇಬರು ಕೆಟ್ಟವರಲ್ಲ, ಪಾಪ. ಆದರೆ ಊರಿಗೆ ಊರೇ ಬಳಸುವುದಿಲ್ಲ ಎಂದಿರುವಾಗ, ತಂಗಿಯ ಊರು ಅಂತ ನೀವು ತಿದ್ದಿದರೆ ನಾಳೆ ಯಾರಾದರೂ ಕೇಳಿದರೆ ನಾನೇನು ಹೇಳಲಿ ಎಂದರಂತೆ. ಅವರ ಬಾಯಲ್ಲೇ ಹೇಳಿಸಿಕೊಂಡು ಬನ್ನಿ, ವಾರದೊಳಗೆ ನಕ್ಷೆ ಮೇಲಕ್ಕೆ ಹೋಗುತ್ತದೆ ಎಂದರಂತೆ.

ಮಾರನೇ ದಿನವೇ ಇಬ್ಬರೂ ಹೋದೆವು. ತಂಗಿ ಅಣ್ಣನನ್ನು ಕಂಡ ಕೂಡಲೇ ಚೊಂಬಿನಲ್ಲಿ ನೀರು ತಂದುಕೊಟ್ಟರು. ಮಾವ ಅದನ್ನು ಎತ್ತಿ ಗಟಗಟ ಕುಡಿದು, ಇದು ಯಾವ ನೀರವ್ವ ಎಂದು ಕೇಳಿದರು. ಒರತೆದು ಎಂದರು ಆಕೆ. ಒರತೆ ಎಲ್ಲಿದೆ? ಹೊಳೇಲಿ. ಹಾಗಾದ್ರೆ ಇದು ಹೊಳೆ ನೀರಲ್ವಾ? ಆಕೆಯ ಮುಖ ಕೆಂಪಾಯಿತು.

“ಅಣ್ಣಯ್ಯ, ಒರತೆ ನೀರು ಬೇರೆ, ಹೊಳೆ ನೀರು ಬೇರೆ. ಹೊಳೆ ನೀರು ದನ ಕುಡೀತವೆ. ನಮ್ಮನ್ನೂ ದನ ಅಂತ ಬರೆಸ್ತೀಯಾ?”

ಪಕ್ಕದ ಮನೆಗಳ ಹೆಂಗಸರೂ ಬಂದು ನಿಂತಿದ್ದರು. ಎಲ್ಲರದ್ದೂ ಅದೇ ಮಾತು. ಆಗ ನನಗೆ ಅರ್ಥವಾಯಿತು. ಅದು ತಿಳಿಯದೆ ಹೇಳಿದ ಮಾತಲ್ಲ, ಮಾನದ ಮಾತು. ಹೊಳೆ ನೀರು ಕುಡಿಯುವವರು ಎಂದರೆ ಆ ಸೀಮೆಯಲ್ಲಿ ಏನೂ ಗತಿಯಿಲ್ಲದವರು ಎಂದು. ಒರತೆ ತೋಡಿ, ದಿನಾ ಅದರ ಸುತ್ತ ಮರಳು ಬಳಿದು, ಚಪ್ಪಲಿ ಕಾಲಿನವರನ್ನು ಹತ್ತಿರ ಸೇರಿಸದೆ ಕಾಪಾಡಿಕೊಂಡ ನೀರಿಗೆ ಹೊಳೆ ನೀರು ಎಂಬ ಹೆಸರು ಕೊಡಲು ಅವರು ಯಾರೂ ತಯಾರಿರಲಿಲ್ಲ.

ತಂಗಿಗೆ ಇನ್ನೂ ಒಂದು ಸಂಕಟವಿತ್ತು. ಒಳಗೆ ಕರೆದುಕೊಂಡು ಹೋಗಿ ಅಣ್ಣನಿಗೆ ಮೆಲ್ಲಗೆ ಹೇಳಿದರು, ನಾನು ಬಾಗಿಲಲ್ಲೇ ಇದ್ದೆ. ಮಗಳಿಗೆ ಬ್ಯಾಡರಹಳ್ಳಿ ಕಡೆಯ ಗಂಡು ಗೊತ್ತಾಗುವ ಹಾಗಿತ್ತು. ಒಳ್ಳೆಯ ಮನೆತನ, ಹಿತ್ತಲಲ್ಲಿ ಸ್ವಂತ ಬಾವಿ. ಅವರು ನೋಡಲು ಬಂದಾಗ ನೀರು ಎಲ್ಲಿಂದ ತರ್ತೀರಿ ಎಂದು ಕೇಳಿದ್ದರಂತೆ, ಒರತೆ ಎಂದಿದ್ದಕ್ಕೆ ಒಪ್ಪಿದ್ದರಂತೆ. ಈಗ ಹೊಳೆ ನೀರು ಕುಡಿಯೋ ಮನೆ ಅಂತ ಸರ್ಕಾರದ ಕಾಗದದ ಮೇಲೆ ಬಿದ್ದು, ಅದು ಊರೆಲ್ಲ ಸುತ್ತಿ ಅವರ ಕಿವಿಗೆ ಹೋದರೆ ಏನು ಗತಿ, ಮದುವೆ ಆಗೋವರೆಗೂ ತಡಿ ಅಣ್ಣಯ್ಯ ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಮಾವ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. ತಂಗಿಯ ಮುಂದೆ ನೆಲದ ಮೇಲೆ ಕೂತರು.

“ಮೇಲಿಂದ ಪೈಪು ಬಿಡ್ತಾರೆ ಕಣವ್ವ. ಇಡೀ ಬೆಂಗಳೂರಿನ ಕಕ್ಕಸು ನೀರು. ಇಲ್ಲಿ ಯಾರೂ ಕುಡಿಯೋರಿಲ್ಲ ಅಂತ ನೀವೇ ಹೇಳಿದೀರಿ.”

ಆಕೆ ಸೆರಗಿನ ಅಂಚು ತಿರುವುತ್ತಾ ಕೂತಿದ್ದರು. ಅಟ್ಟದ ಏಣಿಯ ಹತ್ತಿರ ಮಗಳು ನಿಂತಿದ್ದಳು, ಅವಳ ಮುಖ ನೋಡಿದರು. ಆಮೇಲೆ ಎದ್ದು ಹೊರಗೆ ಬಂದು, ಜಗಲಿಯ ಮೇಲೆ ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿದರು.

“ಬರ್ಕೋ ಮಗ. ನಾವು ಹೊಳೆ ನೀರು ಕುಡೀತೀವಿ. ಗಂಡನ ಹೆಸರು ಬೇಡ, ನನ್ನ ಹೆಸರಲ್ಲೇ ಬರ್ಕೋ.”

ಬರೆದೆ. ಹೇಳಿದ ಮೇಲೆ ಆಕೆ ಒಳಗೆ ಹೋಗಿ ನನಗೂ ಒಂದು ಲೋಟ ಆ ನೀರು ತಂದುಕೊಟ್ಟರು. ಅಷ್ಟು ಸಿಹಿಯಾದ ನೀರನ್ನು ನಾನು ಆಮೇಲೆ ಕುಡಿದಿಲ್ಲ... ಮಣ್ಣಿನ ವಾಸನೆಯೂ ಅಲ್ಲ, ಮಳೆಯ ವಾಸನೆಯೂ ಅಲ್ಲ, ಒಂಥರಾ ತಣ್ಣನೆಯ ಮರಳಿನ ವಾಸನೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಗೊಣಗುತ್ತಲೇ ಬಂದು, ನಮ್ಮನೇದೂ ಬರ್ಕೋ ಎಂದಳು. ಸಂಜೆಯೊಳಗೆ ಊರೆಲ್ಲ ಹೇಳಿತು.

ನಕ್ಷೆಯಲ್ಲಿ ಅಲ್ಲಿ ನೀಲಿ ಬಂತು. ಪೈಪಿನ ಗುರುತನ್ನು ಅಳಿಸಿ ಊರಿನಿಂದ ಕೆಳಕ್ಕೆ ಸರಿಸಿದರು. ಮಾವ ಆ ದಿನ ಬೀದಿಯ ಮನೆಮನೆಗೂ ಮೈಸೂರುಪಾಕು ಹಂಚಿದರು. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಹೊಳೆ ಸಿಕ್ಕಿತು ಎನ್ನುತ್ತಿದ್ದರು, ಯಾರಿಗೂ ತಲೆಬುಡ ಅರ್ಥವಾಗಲಿಲ್ಲ.

ಬ್ಯಾಡರಹಳ್ಳಿಯವರು ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಹುಡುಗಿಗೆ ಮದುವೆಯಾಗುವಷ್ಟರಲ್ಲಿ ನನಗೆ ಮದುವೆಯಾಗಿ ಮಗುವೂ ಆಗಿತ್ತು.

ಹೋಗಲಿ, ನೀರಾದರೂ ಉಳಿಯಿತಲ್ಲ ಎನ್ನೋಣವೆಂದರೆ, ಅದೂ ಇಲ್ಲ. ಆ ದೊಡ್ಡ ಪೈಪು ಬರಲೇ ಇಲ್ಲ. ಯೋಜನೆಯೇ ಎಲ್ಲೋ ಕಪಾಟು ಸೇರಿತು. ಆದರೆ ಮೇಲೆ ಹೊಸ ಹೊಸ ಬಡಾವಣೆಗಳಾದವು, ಒಂದೊಂದು ಮೋರಿಯೂ ತಾನೇ ದಾರಿ ಹುಡುಕಿಕೊಂಡು ಬಂದು ಹೊಳೆಗೆ ಸೇರಿತು. ಕಾರ್ಖಾನೆಗಳ ನೀರು ಸೇರಿತು. ಯಾವ ಸಾಹೇಬರೂ ತೀರ್ಮಾನ ಮಾಡಲಿಲ್ಲ, ಯಾವ ನಕ್ಷೆಯಲ್ಲೂ ಗುರುತು ಹಾಕಿರಲಿಲ್ಲ, ಆದರೂ ಬಂತು. ಮೊದಲು ಒರತೆಯಲ್ಲಿ ಸೋಪಿನ ನೊರೆಯಂಥದ್ದು ಕಾಣಿಸಿತಂತೆ. ಎಷ್ಟು ಬಳಿದರೂ ಹೋಗಲಿಲ್ಲವಂತೆ. ಆಮೇಲೆ ವಾಸನೆ. ಊರವರು ಒರತೆ ಬಿಟ್ಟು ದೂರದ ತೋಟದ ಪಂಪ್‌ಸೆಟ್ಟಿಗೆ ಬಿಂದಿಗೆ ಹೊತ್ತರು, ಆಮೇಲೆ ಎಂದೋ ಒಂದು ಬೋರು ಕೊರೆದು ಕೈಪಂಪು ಹಾಕಿದರು.

ಒರತೆ ಕೆಟ್ಟಂದಿನಿಂದ ಮಾವ ತಂಗಿಯ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಹೋಗುವುದು ಬಿಡಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಲಿಲ್ಲ. ಆಕೆ ಚೊಂಬು ತಂದರೆ ಈಗ ತಾನೆ ಕುಡ್ಕೊಂಡು ಬಂದೆ ಎನ್ನುವುದು, ಊಟಕ್ಕೆ ಕೂತರೆ ಮಜ್ಜಿಗೆಯಲ್ಲೇ ಮುಗಿಸುವುದು. ಕೊನೆಗೆ ಆ ಮಗಳ ಮದುವೆ ಹೇರೋಹಳ್ಳಿಯ ಹುಡುಗನ ಜೊತೆ ಆಯಿತು. ನಾನೂ ಹೋಗಿದ್ದೆ. ಪಂಕ್ತಿಯುದ್ದಕ್ಕೂ ತಾವೇ ಓಡಾಡಿ ಎಲ್ಲರಿಗೂ ನೀರು ಬಡಿಸಿದ ಮಾವ, ತಮ್ಮ ಎಲೆಯ ಪಕ್ಕದ ಲೋಟವನ್ನು ಮಗುಚಿಟ್ಟಿದ್ದು ನನ್ನ ಕಣ್ಣಿಗೆ ಬಿತ್ತು. ಕೈ ತೊಳೆಯುವಾಗ ಹತ್ತಿರ ಹೋಗಿ, ಇದೇನು ಮಾವ ನಿಮ್ಮ ವ್ರತ ಎಂದು ತಮಾಷೆಗೆ ಕೇಳಿದೆ. ನಗಲಿಲ್ಲ.

“ಅವಳ ಬಾಯಲ್ಲಿ ಆ ಮಾತು ಹೇಳಿಸಿಬಿಟ್ಟೆ ಕಣಮ್ಮ. ನೀರು ಮಾತ್ರ ಉಳಿಸಿಕೊಡಕ್ಕಾಗಲಿಲ್ಲ. ಯಾವ ಮುಖ ಇಟ್ಕೊಂಡು ಅವಳ ಮನೇಲಿ ನೀರು ಕುಡೀಲಿ?”

ನಿವೃತ್ತರಾದ ಮೇಲೂ ಅವರು ರಾಜಾಜಿನಗರದಲ್ಲೇ ಇದ್ದರು. ಅಮ್ಮನ ಮನೆಗೆ ಹೋದಾಗಲೆಲ್ಲ ಮಾತಾಡಿಸಿ ಬರುತ್ತಿದ್ದೆ. ಕೋಪ ಕಡಿಮೆಯಾಗಿತ್ತು, ನಸ್ಯ ಮಾತ್ರ ಬಿಟ್ಟಿರಲಿಲ್ಲ. ಒಂದು ಮಳೆಗಾಲದಲ್ಲಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಸುದ್ದಿ ನನಗೆ ತಡವಾಗಿ ತಿಳಿಯಿತು, ಹನ್ನೊಂದನೇ ದಿನದ ತಿಥಿಗೆ ಹೋದೆ.

ಹಿತ್ತಲ ಕಟ್ಟೆಯ ಮೇಲೆ ತಂಗಿ ಒಬ್ಬರೇ ಕೂತಿದ್ದರು. ತಲೆಯೆಲ್ಲ ನೆರೆತುಹೋಗಿತ್ತು. ನನ್ನನ್ನು ಗುರುತು ಹಿಡಿದು, ಅಂದು ಬರ್ಕೊಂಡೋಳು ನೀನೇ ಅಲ್ವಾ ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅದೂ ಇದೂ ಮಾತಾಡುತ್ತಾ, ಅಣ್ಣಯ್ಯ ಇಷ್ಟು ವರ್ಷ ನಮ್ಮನೆ ನೀರಿಗೆ ಹೇಸಿಗೆ ಪಟ್ಕೊಂಡ, ಬೋರಿನ ನೀರು ಕಣೋ ಅಂದ್ರೂ ಮುಟ್ಟಲಿಲ್ಲ, ಪಟ್ಟಣದೋನಾಗಿಬಿಟ್ಟ ಎಂದು ನೊಂದುಕೊಂಡು ಹೇಳಿದರು. ಇಷ್ಟು ವರ್ಷ ಆಕೆ ಹೀಗೆ ತಿಳಿದಿದ್ದಾರೆಂದು ಮಾವನಿಗೆ ಗೊತ್ತೇ ಇರಲಿಲ್ಲ. ಹೇಸಿಗೆಯಲ್ಲಮ್ಮ ಅದು ಎಂದು, ಮದುವೆ ಮನೆಯಲ್ಲಿ ಅವರು ನನಗೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ಒಂದು ಮಾತೂ ಸೇರಿಸಲಿಲ್ಲ.

ಆಕೆ ಅಳಲಿಲ್ಲ. ಹಿತ್ತಲ ಗೋಡೆಯ ಕಡೆ ತಿರುಗಿಕೊಂಡು ಹೇಳಿದರು.

“ಕೊನೇಗೆ ಬಾಯಿಗೆ ನೀರು ಬಿಟ್ಟೋಳು ನಾನೇ ಕಣವ್ವ. ನಮ್ಮನೆ ಬೋರಿನ ನೀರೇ, ಬಾಟ್ಲಲ್ಲಿ ತಂದಿದ್ದೆ. ಕುಡಿದ. ಬೇಡ ಅನ್ನೋಕೆ ಅವನಿಗೆ ಮಾತು ನಿಂತೋಗಿತ್ತು.”

ಈಗ ಆಕೆಯೂ ಇಲ್ಲ. ಆ ಊರಿಗೆ ಬೆಂಗಳೂರೇ ಹೋಗಿ ಸೇರಿಕೊಂಡಿದೆ. ಮೈಸೂರು ರಸ್ತೆಯಲ್ಲಿ ಬಸ್ಸು ಹೊಳೆಯ ಪಕ್ಕಕ್ಕೆ ಬಂದಾಗ ಎಲ್ಲರಂತೆ ನಾನೂ ಮೂಗಿಗೆ ಸೆರಗು ಹಿಡಿಯುತ್ತೇನೆ, ಸುಳ್ಳೇಕೆ ಹೇಳಲಿ. ಈಚೆಗೊಮ್ಮೆ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, ಇದು ಯಾವ ಮೋರಿ ಆಂಟಿ ಎಂದು ಕೇಳಿದಳು. ಮೋರಿಯಲ್ಲಮ್ಮ, ಹೊಳೆ, ಇದರ ನೀರು ನಾನು ಕುಡಿದಿದ್ದೇನೆ ಎಂದೆ. ಅವಳು ತಮಾಷೆ ಎಂದುಕೊಂಡು ಜೋರಾಗಿ ನಕ್ಕಳು. ಹೌದು ಕಣಮ್ಮ, ಕುಡಿದಿದ್ದಾಳೆ ಎಂದು ಹೇಳುವವರು ಯಾರೂ ಈಗ ನನಗಿಲ್ಲ.